ಬ್ಯಾಚುಲರ್ ಅಧ್ಯಕ್ಷೆ

ಕುವೈತಿನ ನಮ್ಮ ಕನ್ನಡ ಸಂಘದ ಮೊದಲ ಮಹಿಳಾ ಅಧ್ಯಕ್ಷೆ ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನಿಂದ ಹೊಸದಾಗಿ ಬಂದವರು ನನ್ನ ಮಾತಿನ ಜೋರು ನೋಡಿ, ಆ ಮೊದಲ ಲೇಡಿ ಪ್ರೆಸಿಡೆಂಟ್ ನೀವೇ ಅಲ್ಲವೇ ಎಂದು ಕೇಳುತ್ತಾರೆ. ನಾನು ತಕ್ಷಣ ಅಲ್ಲವೆನ್ನುವುದಿಲ್ಲ. ಅರ್ಧ ನಿಮಿಷ ಆ ಮಾತಿನ ಸುಖ ಅನುಭವಿಸಿ, ಆಮೇಲೆ, ಇಲ್ಲ, ಅದು ಜಹ್ರಾದವಳು ಎನ್ನುತ್ತೇನೆ. ಅವಳ ಹೆಸರು ಬಾಯಿಗೆ ಬರುವುದಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ, ಹಾಗಾದರೆ ಪಕ್ಷಪಾತವೆಂದು ಯಾರೂ ಹೇಳಲಾರರು.

ನಾನು ತುಮಕೂರಿನ ಕಡೆಯವಳು. ಗಂಡನಿಗೆ ಇಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಬಂದ ಹೊಸದರಲ್ಲಿ, ರಜೆಗೆ ಊರಿಗೆ ಹೋದಾಗಲೆಲ್ಲ ಎರಡು ಸೂಟ್‌ಕೇಸ್ ತುಂಬ ಸೀರೆ ತಂದು ಫ್ಲ್ಯಾಟಿಂದ ಫ್ಲ್ಯಾಟಿಗೆ ಹೊತ್ತು ಮಾರುತ್ತಿದ್ದೆ. ಲಿಫ್ಟ್ ಕೆಟ್ಟ ಕಟ್ಟಡಗಳ ಮೆಟ್ಟಿಲು ನನ್ನ ಮಂಡಿಗೆ ಈಗಲೂ ನೆನಪಿದೆ. ಸೀರೆಯಿಂದ ಬೆಡ್‌ಶೀಟು, ಬೆಡ್‌ಶೀಟಿನಿಂದ ಪರದೆ. ಈಗ ರಾಯ್‌ನಲ್ಲಿ, ದೊಡ್ಡ ಷೋರೂಮುಗಳ ಹಿಂದಿನ ಬೀದಿಯಲ್ಲಿ, ಪರದೆಯ ಅಂಗಡಿಯಿದೆ. ಲೈಸೆನ್ಸು ಕುವೈತಿ ಪಾಲುದಾರರದು, ಬಾಯಿ ನನ್ನದು. ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಟೈಲರುಗಳು. ಇಷ್ಟನ್ನು ನನಗೆ ಯಾರೂ ಕೊಟ್ಟಿದ್ದಲ್ಲ. ಹೊಸ ಹೆಣ್ಣುಮಕ್ಕಳಿಗೆ ನಾನು ಹೇಳುವುದೂ ಇದನ್ನೇ: ನಿಮಗೇನು ಬೇಕೋ ಅದನ್ನು ಕೇಳಿ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಕೇಳಿ, ಆಮೇಲೆ ಇಳಿಯಿರಿ.

ಅಂಗಡಿಯಲ್ಲಿ ನಾನು ಏನೇ ಆಗಿರಲಿ, ಸಂಘದಲ್ಲಿ ಮಾತ್ರ ಕರ್ಟನ್ ಅಕ್ಕ. ಅದು ಇಂಜಿನಿಯರುಗಳು, ಡಾಕ್ಟರುಗಳು, ಬ್ಯಾಂಕಿನವರು ಸೇರಿ ಕಟ್ಟಿದ ಸಂಘ. ಎರಡು ವರ್ಷಕ್ಕೊಮ್ಮೆ ಅಧ್ಯಕ್ಷರು ಬದಲಾಗುತ್ತಿದ್ದರು. ಆದರೆ ಅದು ತೀರ್ಮಾನವಾಗುತ್ತಿದ್ದದ್ದು ಸಾಲ್ಮಿಯಾದ ಒಂದು ಫ್ಲ್ಯಾಟಿನ ಊಟದ ಮೇಜಿನಲ್ಲಿ. ಅದು ಒಬ್ಬ ಹಿರಿಯ ಇಂಜಿನಿಯರರ ಮನೆ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಗಂಡಸರು ಮೇಜಿನ ಸುತ್ತ, ನಾವು ಹೆಂಗಸರು ಅಡುಗೆಮನೆಯಲ್ಲಿ ಬಿಸಿ ಬಿಸಿ ಪೂರಿ ಕರಿಯುತ್ತ. ಪಾಯಸ ಬಡಿಸುವ ಹೊತ್ತಿಗೆ ಹೆಸರು ಗೊತ್ತಾಗಿರುತ್ತಿತ್ತು. ಮುಂದಿನ ಶುಕ್ರವಾರ ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಸೂಚಿಸುವುದು, ಒಬ್ಬರು ಅನುಮೋದಿಸುವುದು, ಉಳಿದವರು ಚಪ್ಪಾಳೆ ತಟ್ಟುವುದು. ಅವಿರೋಧ ಆಯ್ಕೆ. ನಾನು ಹನ್ನೆರಡು ವರ್ಷ ಆ ಪೂರಿ ಕರಿದೆ. ಮಹಿಳಾ ವಿಭಾಗದ ಮುಖ್ಯಸ್ಥೆಯಾಗಿ ರಂಗೋಲಿ ಸ್ಪರ್ಧೆ ನಡೆಸಿದೆ, ಕಾರ್ಯಕ್ರಮದ ಹಾಲಿನ ಬಾಡಿಗೆ ಇಳಿಸಿದೆ, ಸ್ಟೇಜಿನ ಪರದೆ ಪುಕ್ಕಟೆ ಹಾಕಿಸಿದೆ.

ಸಂಘದ ಸದಸ್ಯತ್ವದಲ್ಲಿ ಎರಡು ಬಗೆ: ಫ್ಯಾಮಿಲಿ ಮತ್ತು ಬ್ಯಾಚುಲರ್. ಕುವೈತಿನಲ್ಲಿ ಬ್ಯಾಚುಲರ್ ಆಗಲು ಮದುವೆಯಾಗದೆ ಇರಬೇಕಾಗಿಲ್ಲ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನು ಬ್ಯಾಚುಲರ್, ಮೊಮ್ಮಗನ ನಾಮಕರಣಕ್ಕೆ ರಜೆ ಕೇಳುವವನೂ ಬ್ಯಾಚುಲರ್. ಅವರಿಗೆ ಮನೆ ಬಾಡಿಗೆಗೆ ಕೊಡದ ಕಟ್ಟಡಗಳುಂಟು. ನಮ್ಮ ಸಂಘವೂ ಅಂಥದ್ದೇ ಒಂದು ಕಟ್ಟಡ. ಅವರು ಟಿಕೆಟ್ ಕೊಂಡು ಬಂದು ಹಿಂದಿನ ಸಾಲಲ್ಲಿ ಕೂತು ಊಟ ಮಾಡಿ ಹೋಗಬಹುದಿತ್ತು, ವೋಟಿಲ್ಲ. ಫ್ಯಾಮಿಲಿಗೆ ಒಂದು ವೋಟು. ಅದು ಯಜಮಾನನ ಹೆಸರಲ್ಲಿ, ಎಂದರೆ ಯಾರ ವೀಸಾದಲ್ಲಿ ಹೆಂಡತಿ ಬಂದಿದ್ದಾಳೋ ಅವನ ಹೆಸರಲ್ಲಿ. ಪುಸ್ತಕದಲ್ಲಿ ನಾನು ನನ್ನ ಗಂಡನ ಹೆಸರಿನ ಕೆಳಗೆ, ಮಕ್ಕಳಿಗಿಂತ ಮೇಲೆ, ಒಂದು ಗೆರೆ. ಆಗ ಅದು ನನಗೆ ಏನೂ ಅನ್ನಿಸಿರಲಿಲ್ಲ.

ಅವಳನ್ನು ಮೊದಲು ನೋಡಿದ್ದು ನನ್ನ ಅಂಗಡಿಯಲ್ಲೇ. ಜಹ್ರಾದಿಂದ ಒಬ್ಬ ಕುವೈತಿ ಹೆಂಗಸು ದಿವಾನಿಯಾಗೆ, ಅದೇ ಗಂಡಸರು ಕೂತು ಹರಟೆ ಹೊಡೆಯುವ ದೊಡ್ಡ ಹಜಾರಕ್ಕೆ, ಪರದೆ ನೋಡಲು ಬಂದಿದ್ದರು. ಜೊತೆಗೆ ಮನೆಗೆಲಸದವಳು, ಮೇಡಮ್ಮಿನ ಬ್ಯಾಗು ಹಿಡಿದುಕೊಂಡು. ಸಾದಾ ಸಲ್ವಾರು, ಎಣ್ಣೆ ಹಾಕಿ ಬಿಗಿದ ಕೂದಲು. ನಾನು ಅವಳನ್ನು ಕೇರಳದವಳೋ ಸಿಲೋನಿನವಳೋ ಅಂದುಕೊಂಡು ಟೈಲರಿಗೆ ಕನ್ನಡದಲ್ಲಿ, ಇವರಿಗೆ ಹೋದ ವರ್ಷದ ಸ್ಟಾಕ್ ತೋರ್ಸು, ಗೊತ್ತಾಗಲ್ಲ ಅಂದೆ. ಅವಳು ಬಟ್ಟೆಯ ಅಂಚನ್ನು ಮಗುಚಿ ನೋಡುತ್ತ, ತಲೆ ಎತ್ತದೆ ಹೇಳಿದಳು:

"ಅಕ್ಕಾ, ಹಳತು ಬೇಡ, ಹೊಸತೇ ತೋರ್ಸಿ. ಇವರು ಒಳ್ಳೆಯವರು. ಇಷ್ಟ ಆದ್ರೆ ಇನ್ನೂ ನಾಲ್ಕು ಮನೆಗೆ ಹೇಳ್ತಾರೆ."

ಮೇಡಮ್ಮಿಗೆ ಅವಳು ನನ್ನ ಮಾತನ್ನು ಹೇಳಿಕೊಡಲಿಲ್ಲ. ಅದೇ ಅಂಚನ್ನು ಅವರ ಕೈಗೆ ಕೊಟ್ಟು ಅರಬ್ಬಿಯಲ್ಲಿ ಏನೋ ಅಂದಳು, ಆ ಹೆಂಗಸು ಗಟ್ಟಿಯಾಗಿ ನಕ್ಕರು. ಅಷ್ಟು ವರ್ಷ ರಾಯ್‌ನಲ್ಲಿ ವ್ಯಾಪಾರ ಮಾಡಿ ನಾನು ಒಬ್ಬ ಕುವೈತಿ ಹೆಂಗಸನ್ನೂ ನಗಿಸಿರಲಿಲ್ಲ. ನನ್ನ ಅರಬ್ಬಿ ಮೀಟರಿಗೆ, ಬಣ್ಣಕ್ಕೆ, ಯಲ್ಲಾ ಖಲಾಸ್‌ಗೆ ಸಾಕಾಗುವಷ್ಟು. ಇವಳದು ಮನೆಯೊಳಗೆ ಕಲಿತ ಅರಬ್ಬಿ. ಅದರಲ್ಲಿ ಬೈಯಬಹುದು, ಮುದ್ದಿಸಬಹುದು, ಅರ್ಜಿ ಬರೆಯಬಹುದು. ಮುಂದೆ ಆ ಬೀದಿಯ ಅರ್ಧ ಮನೆಗಳಿಗೆ ನನ್ನ ಪರದೆಯೇ ಹೋಯಿತು, ನಿಜ. ಆದರೆ ಆ ನಗು ಅವತ್ತಿನಿಂದ ನನ್ನ ಕಿವಿಯಲ್ಲೇ ಉಳಿಯಿತು.

ಅವಳದು ಉಡುಪಿಯ ಆಚೆಯ ಊರು, ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಗಂಡ ಮೀನಿನ ಬೋಟಿನಲ್ಲಿ ಕೈ ಜಜ್ಜಿಕೊಂಡು ಮನೆಯಲ್ಲಿ ಕೂತ ಮೇಲೆ, ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಮನೆಗೆಲಸದ ವೀಸಾದಲ್ಲಿ ಬಂದವಳು. ಒಂದೇ ಮನೆಯಲ್ಲಿ ಹನ್ನೊಂದು ವರ್ಷ. ಆ ಮನೆಯ ಮಕ್ಕಳು ದೊಡ್ಡವರಾದ ಮೇಲೆ ಕಫೀಲನೇ, ಎಂದರೆ ವೀಸಾ ಕೊಟ್ಟ ಯಜಮಾನನೇ, ಅದನ್ನು ಬದಲಿಸಿಕೊಟ್ಟು ಜಹ್ರಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿಸಿದ. ಅಲ್ಲಿಂದ ಶುರು. ಅರಬ್ಬಿ ಕಾಗದ ಹಿಡಿದುಕೊಂಡು ಜನ ಅವಳ ಕೌಂಟರಿಗೆ ಬರತೊಡಗಿದರು. ಒಬ್ಬನ ಇಕಾಮಾ, ಅದೇ ಇಲ್ಲಿರಲು ಕೊಡುವ ಪರವಾನಗಿ, ಮುಗಿದಿದೆ, ಒಬ್ಬನ ಮೇಲೆ ಓಡಿಹೋದನೆಂದು ಕಫೀಲ ದೂರು ಕೊಟ್ಟಿದ್ದಾನೆ, ಒಬ್ಬ ಆಸ್ಪತ್ರೆಯಲ್ಲಿ ಸತ್ತಿದ್ದಾನೆ. ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಎರಡು ಬಸ್ಸು ಬದಲಿಸಿ ಸಬ್ಹಾನಿನ ಲೇಬರ್ ಕ್ಯಾಂಪುಗಳಿಗೆ ಹೋಗುತ್ತಿದ್ದಳು. ನಾನು ಅವಳಿಗೆ ಒಮ್ಮೆ ಬುದ್ಧಿ ಹೇಳಿದ್ದೆ, ಇಷ್ಟೆಲ್ಲ ಓಡಾಡುತ್ತೀಯ, ಟ್ಯಾಕ್ಸಿ ದುಡ್ಡನ್ನಾದರೂ ತಗೋ ಎಂದು. ಅವಳು ನಕ್ಕಳು. ಅಂಥವರ ಜೊತೆ ವ್ಯವಹಾರ ಕಷ್ಟ. ಅವರು ಏನನ್ನು ಕೂಡಿಡುತ್ತಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಒಂದು ರಾಜ್ಯೋತ್ಸವದ ಊಟದಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು. ಹಾಲಿನಲ್ಲಿ ಗಲಾಟೆ, ಎಂಜಲು ಕಾಗದದ ತಟ್ಟೆಗಳ ರಾಶಿ. ನನ್ನ ಪಕ್ಕದಲ್ಲಿ ಡಾಕ್ಟರರ ಹೆಂಡತಿಯರು ನಾಲ್ಕು ಜನ ಬರಿಗೈಯಲ್ಲಿ ನಿಂತಿದ್ದರು. ನನ್ನ ಕೈ ಅವರನ್ನೆಲ್ಲ ದಾಟಿ ಹೋಗಿ, ಮಾವಿನ ಬಣ್ಣದ ಸೀರೆಯುಟ್ಟು ಕೂತಿದ್ದ ಇವಳ ಕೈಗೆ ಆ ರಾಶಿ ಕೊಟ್ಟಿತು. ಅವಳು ಎದ್ದು, ತಟ್ಟೆಗಳನ್ನು ಕಸದ ಡಬ್ಬಕ್ಕೆ ಹಾಕಿ, ಕೈ ತೊಳೆದು ಬಂದು ಕೇಳಿದಳು:

"ಇನ್ನೂ ಉಂಟಾ ಅಕ್ಕಾ? ಇಲ್ಲದಿದ್ರೆ ನಾನು ನನ್ನ ಊಟ ಮುಗಿಸ್ತೇನೆ."

ಆಗ ನೋಡಿದೆ, ಅವಳ ತಟ್ಟೆಯಲ್ಲಿ ಅನ್ನ ಅರ್ಧ ಕಲಸಿದ್ದು ಹಾಗೆಯೇ ಇತ್ತು. ಕ್ಷಮಿಸು ಎನ್ನಬೇಕಿತ್ತು. ಉಪ್ಪಿನಕಾಯಿ ಬಡಿಸಿದೆ.

ಅದರ ಮರುವರ್ಷ ನನಗೆ ಅಧ್ಯಕ್ಷೆಯಾಗುವ ಆಸೆ ಹುಟ್ಟಿತು. ಹುಟ್ಟಿತು ಎಂದರೆ ಸುಳ್ಳು, ಮೊದಲೇ ಇತ್ತು, ಬಾಯಿ ಬಿಟ್ಟು ಹೇಳಿದ್ದು ಆಗ. ಸಾಲ್ಮಿಯಾದ ಊಟದಲ್ಲಿ ಪೂರಿಯ ಬುಟ್ಟಿ ಮೇಜಿನ ಮೇಲಿಟ್ಟು, ಈ ಸಲ ನನ್ನ ಹೆಸರೂ ನೋಡಿ ಅಂದೆ. ವೋಟಿಲ್ಲದವರು ನಿಲ್ಲಬಾರದೆಂಬ ನಿಯಮವಿರಲಿಲ್ಲ, ಆದರೂ ಸಂಘದಲ್ಲಿ ಅಲ್ಲಿಯವರೆಗೆ ಒಬ್ಬ ಹೆಂಗಸೂ ಅಧ್ಯಕ್ಷೆಯಾಗಿರಲಿಲ್ಲ. ಸಾಹೇಬರು ನನ್ನನ್ನು ಬೈಯಲಿಲ್ಲ, ನಕ್ಕರು.

"ನೋಡಮ್ಮಾ, ಲೇಡೀಸ್ ವಿಂಗ್ ಪೂರ್ತಿ ನಿನ್ ಕೈಲೇ ಇದೆ. ಪ್ರೆಸಿಡೆಂಟ್ ಅಂದ್ರೆ ಎಂಬೆಸಿ, ಪ್ರೊಟೊಕಾಲ್, ಭಾಷಣ. ಅದೆಲ್ಲ ನಿನಗ್ಯಾಕೆ ತಲೆನೋವು? ಇನ್ನೊಂದೆರಡು ಪೂರಿ ಹಾಕು."

ಹಾಕಿದೆ. ಹಾಕುತ್ತಲೇ ಲೆಕ್ಕ ಶುರು ಮಾಡಿದೆ. ಈ ಮೇಜಿನಲ್ಲಿ ನನಗೆ ಸಿಗುವುದು ಏನೂ ಇಲ್ಲ. ಹಾಗಾದರೆ ಮೇಜನ್ನೇ ದೊಡ್ಡದು ಮಾಡಬೇಕು. ನನ್ನ ಜನ ಯಾರು? ರಾಯ್‌ನ ಟೈಲರುಗಳು, ಫಿಟ್ಟರುಗಳು, ಡ್ರೈವರುಗಳು, ಸಬ್ಹಾನಿನ ಗೋದಾಮುಗಳ ಹುಡುಗರು. ನಾನು ಚಳಿಗಾಲದಲ್ಲಿ ಕಂಬಳಿ ಕಳಿಸಿದವರು, ಯುಗಾದಿಗೆ ಹೋಳಿಗೆ ಕಳಿಸಿದವರು. ಎಲ್ಲ ಬ್ಯಾಚುಲರುಗಳು. ಅವರಿಗೆ ವೋಟು ಬಂದರೆ ಅವಿರೋಧ ಆಯ್ಕೆಯ ಆಟ ಮುಗಿಯಿತು.

ಸರ್ವಸದಸ್ಯರ ಸಭೆಗೆ ಮೊದಲು ನಾನು ಒಬ್ಬೊಬ್ಬ ಹಿರಿಯರ ಮನೆಗೂ ಹೋದೆ. ಸದಸ್ಯರು ಹೆಚ್ಚಾದರೆ ದೊಡ್ಡ ಹಾಲು ಹಿಡಿಯಬಹುದು, ಊರಿಂದ ಕಲಾವಿದರನ್ನು ಕರೆಸಬಹುದು ಎಂದು ಸರಕಿನ ಒಳ್ಳೆಯ ಮಗ್ಗುಲು ತೋರಿಸಿದೆ. ಸಾಹೇಬರು ಕೊನೆಗೆ ಒಪ್ಪಿದರು, ಒಂದು ಷರತ್ತು ಹಾಕಿ: ಬ್ಯಾಚುಲರುಗಳಿಗೆ ವೋಟು ಕೊಡೋಣ, ಆದರೆ ಫ್ಯಾಮಿಲಿ ವೋಟಿನ ತಂಟೆಗೆ ಹೋಗಬಾರದು, ಅದು ಒಂದೇ, ಯಜಮಾನನ ಹೆಸರಲ್ಲೇ. ನಾನು ಒಂದು ಕ್ಷಣವೂ ಯೋಚಿಸದೆ ಆಗಲಿ ಅಂದೆ. ದೊಡ್ಡದು ಗಿಟ್ಟುವಾಗ ಚಿಕ್ಕದನ್ನು ಬಿಡುವುದು ನನ್ನ ವ್ಯಾಪಾರದ ಪದ್ಧತಿ. ಗಿರಾಕಿಗೆ ಹೊಲಿಗೆ ಪುಕ್ಕಟೆ ಎಂದರೆ ಬಟ್ಟೆಯ ಬೆಲೆ ಅವನು ಕೇಳುವುದಿಲ್ಲ. ಇಲ್ಲಿ ಪುಕ್ಕಟೆ ಹೊಲಿಗೆ ಯಾರು ಕೊಟ್ಟರು, ಯಾರು ತಗೊಂಡರು ಎಂಬುದು ನನಗೆ ಹೊಳೆಯಲೇ ಇಲ್ಲ.

ತಿದ್ದುಪಡಿ ಪಾಸಾಯಿತು. ಹೊಸ ಸದಸ್ಯರ ಫಾರಂ ತುಂಬಿಸಲು ಕ್ಯಾಂಪುಗಳ ದಾರಿ ಬಲ್ಲವರು ಬೇಕಿತ್ತು. ನಾನೇ ಅವಳನ್ನು ಅಂಗಡಿಗೆ ಕರೆಸಿ ಫಾರಂಗಳ ಕಟ್ಟು ಕೊಟ್ಟೆ. ಅವಳೂ ಬ್ಯಾಚುಲರ್ ಅಲ್ಲವೇ, ಗಂಡ ಊರಿನಲ್ಲಿರುವವಳು. ತನ್ನದೂ ಒಂದು ಫಾರಂ ಅಲ್ಲೇ ಕೂತು ತುಂಬಿದಳು. ತುಂಬಿ ಪೆನ್ನು ಮುಚ್ಚುತ್ತ ಕೇಳಿದಳು:

"ಅಕ್ಕಾ, ಹೆಂಗಸರ ವೋಟು ಯಾಕೆ ಬಿಟ್ಟುಕೊಟ್ರಿ? ನಿಮಗೇ ವೋಟಿಲ್ಲ ಅಲ್ವಾ ಈಗ?"

"ವ್ಯಾಪಾರದಲ್ಲಿ ಏನಾದ್ರೂ ಬಿಡಬೇಕು ಕಣಮ್ಮ," ಅಂದೆ. "ನಮ್ಮ ಹೆಂಗಸರು ಹೇಳಿದ ಕಡೆಗೇ ಗಂಡಂದಿರು ಹಾಕೋದು. ನೀನು ನೋಡ್ತಿರು."

ಅವಳು ನೋಡುತ್ತಲೇ ಇದ್ದಳು. ಅದೇ ಅವಳ ಗುಣ. ಒಂದೂವರೆ ತಿಂಗಳಲ್ಲಿ ಫಾರಂಗಳು ತುಂಬಿ ಬಂದವು, ಒಂದೊಂದರಲ್ಲೂ ಅವಳ ದುಂಡು ಅಕ್ಷರ. ಸಹಿ ಹಾಕಲು ಬಾರದವರ ಹೆಬ್ಬೆಟ್ಟಿನ ಪಕ್ಕದಲ್ಲಿ ಅವರ ತಾಯಿಯ ಹೆಸರು, ಊರು, ಕೆಲಸದಲ್ಲಿ ಬಿದ್ದು ಪೆಟ್ಟಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಬರೆದಿದ್ದಳು. ಫಾರಂನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಾನು ಅದನ್ನು ವೋಟರ್ ಲಿಸ್ಟ್ ಅಂದುಕೊಂಡಿದ್ದೆ.

ನಾಮಪತ್ರ ಕೊಡುವ ವಾರ ಅವಳು ಮತ್ತೆ ಅಂಗಡಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ಅಕ್ಕಾ, ನಾನೂ ನಿಲ್ತೇನೆ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ ಅಂತ ಹೇಳ್ಲಿಕ್ಕೆ ಬಂದೆ."

ಬಟ್ಟೆ ಕತ್ತರಿಸುತ್ತಿದ್ದ ಟೈಲರು ಕತ್ತರಿ ನಿಲ್ಲಿಸಿದ. ನಾನು ಟೀ ತರಿಸಿದೆ. ನನಗೆ ಬರುವುದು ಒಂದೇ ವಿದ್ಯೆ, ಅದನ್ನು ಹೊರಗೆ ತೆಗೆದೆ. ನೀನು ಕಾರ್ಯದರ್ಶಿಯಾಗು, ನಾನು ಅಧ್ಯಕ್ಷೆ ಅಂದೆ. ಅವಳು ತಲೆಯಾಡಿಸಿದಳು. ಉಪಾಧ್ಯಕ್ಷೆ ಅಂದೆ. ಈ ಸಲ ನನಗೆ ಬಿಡು, ಮುಂದಿನ ಸಲ ನಾನೇ ನಿಂತು ನಿನ್ನನ್ನು ಗೆಲ್ಲಿಸುತ್ತೇನೆ ಅಂದೆ. ಕ್ಯಾಂಪಿನವರಿಗೆ ಅಂತಲೇ ಬೇರೆ ವಿಭಾಗ ಮಾಡಿ ನಿನ್ನ ಕೈಗೆ ಕೊಡುತ್ತೇನೆ ಅಂದೆ. ಅಷ್ಟು ವರ್ಷದ ವ್ಯಾಪಾರದಲ್ಲಿ ನಾನು ಒಂದೇ ಸಮನೆ ಮೇಲೆ ಏರಿದ್ದು, ಎದುರಿನವರು ಒಂದು ಮೆಟ್ಟಿಲೂ ಇಳಿಯದೆ ಇದ್ದದ್ದು ಅವತ್ತು ಮಾತ್ರ.

"ಬೇರೆ ವಿಭಾಗ ಎಂತಕ್ಕೆ ಅಕ್ಕಾ?" ಅಂದಳು. "ಹೆಂಗಸರಿಗೆ ಒಂದು ವಿಭಾಗ ಮಾಡಿ ನಿಮಗೆ ಕೊಟ್ರಲ್ಲ. ನೀವು ಅದರಿಂದ ಹೊರಗೆ ಬರ್ಲಿಕ್ಕೇ ಅಲ್ವಾ ನಿಲ್ಲೋದು?"

ಟೀ ಕುಡಿದು, ಲೋಟ ತೊಳೆದಿಟ್ಟು ಹೋದಳು. ಆ ಲೋಟ ತೊಳೆದಿಟ್ಟದ್ದು ಕೂಡ ನನ್ನನ್ನು ಉರಿಸಿತು.

ಹೊಟ್ಟೆಕಿಚ್ಚಿನ ಬಗ್ಗೆ ನನ್ನ ಅನುಭವದ ಮಾತು ಹೇಳುತ್ತೇನೆ, ಬೇಕಾದರೆ ತಗೊಳ್ಳಿ. ದೂರದವರು ಮೇಲೆ ಹೋದರೆ ಅದು ಬರುವುದಿಲ್ಲ. ಸಾಹೇಬರು ಎರಡು ಬಾರಿ ಅಧ್ಯಕ್ಷರಾದಾಗ ನನಗೆ ಸಿಟ್ಟು ಬಂದಿತ್ತು, ಹೊಟ್ಟೆ ಉರಿದಿರಲಿಲ್ಲ. ಇವಳು ನನ್ನ ಹಾಗೆಯೇ ಕೆಳಗಿನಿಂದ ಬಂದವಳು, ನನ್ನ ಹಾಗೆಯೇ ಮೇಲಿನವರ ಮನೆಯ ಹಿಂಬಾಗಿಲು ಕಂಡವಳು. ಗಂಡಸರಲ್ಲಿ ಮೊದಲನೆಯವರು ಯಾರೆಂದು ಯಾರಿಗೂ ನೆನಪಿಲ್ಲ. ಹೆಂಗಸರಲ್ಲಿ ಆ ಜಾಗ ಒಂದೇ ಇತ್ತು, ಖಾಲಿಯಿತ್ತು, ನಾನು ಹನ್ನೆರಡು ವರ್ಷದಿಂದ ಅದರ ಅಳತೆ ತೆಗೆದಿಟ್ಟುಕೊಂಡಿದ್ದೆ.

ಹಾಗಾಗಿ ನಾನು ಮಾಡಬಾರದ್ದನ್ನು ಮಾಡಿದೆ. ಒಂದು ಸೀಮಂತದ ಮನೆಯಲ್ಲಿ, ಆರತಿ ಮುಗಿದು ಹೆಂಗಸರೆಲ್ಲ ಕೂತಿದ್ದಾಗ, ಕನಿಕರದ ದನಿಯಲ್ಲಿ ಮಾತು ತೆಗೆದೆ. ಪಾಪ, ಒಳ್ಳೆಯವಳೇ; ಆದರೆ ನಾಳೆ ದೊಡ್ಡ ಕಾರ್ಯಕ್ರಮದಲ್ಲಿ ಅತಿಥಿಗಳಿಗೆ ಹೂಗುಚ್ಛ ಕೊಡುವಾಗ ಜಹ್ರಾದವರು ಯಾರಾದರೂ ಗುರುತು ಹಿಡಿದು, ಇವಳು ನಮ್ಮನೆಯ ಖಾದಿಮಾ ಅಂದುಬಿಟ್ಟರೆ ಸಂಘದ ಮರ್ಯಾದೆ ಏನಾಗಬೇಕು, ಅಂದೆ. ಅರಬ್ಬಿಯಲ್ಲಿ ಖಾದಿಮಾ ಎಂದರೆ ಮನೆಯಾಳು. ಎಲ್ಲರೂ ಕೋಸಂಬರಿ ತಿಂದರು. ಸಂಜೆಯ ಹೊತ್ತಿಗೆ ಅದೇ ಮಾತು, ಇನ್ನಷ್ಟು ಬಣ್ಣ ಬಳಿದುಕೊಂಡು, ಫಾರ್ವರ್ಡ್ ಆಗಿ ನನ್ನದೇ ಫೋನಿಗೆ ಬಂತು. ಯಾರು ಬರೆದದ್ದೆಂದು ಇರಲಿಲ್ಲ. ನಾನು ಅಳಿಸಿದೆ. ನನ್ನ ಫೋನಿನಿಂದ ಅಳಿಸಿದರೆ ಎಲ್ಲಿ ಅಳಿಯುತ್ತದೆ?

ಅಭ್ಯರ್ಥಿಗಳು ಮಾತಾಡುವ ಶುಕ್ರವಾರ ಬಂತು. ಬಾಡಿಗೆಗೆ ಹಿಡಿದ ಶಾಲೆಯ ಹಾಲು, ಹಿಂದಿನ ಸಾಲುಗಳಲ್ಲಿ ಮೊದಲ ಸಲ ವೋಟುಳ್ಳ ಬ್ಯಾಚುಲರುಗಳು. ಮೂವರು ಅಭ್ಯರ್ಥಿಗಳು: ಚುನಾವಣೆ ಎನ್ನುವ ಮಾತೇ ಅವಮಾನವೆಂದುಕೊಂಡು ತಾವೇ ನಿಂತ ಸಾಹೇಬರು, ನಾನು, ಅವಳು. ನಾನು ಚೆನ್ನಾಗಿಯೇ ಮಾತಾಡಿದೆ. ಅವಳು ಎದ್ದು ಎರಡು ಮಾತು ಆಡುವಷ್ಟರಲ್ಲಿ ಸಾಹೇಬರು ಮೈಕು ಕೇಳಿ, ನೀವು ಈ ದೇಶಕ್ಕೆ ಬಂದಾಗ ಯಾವ ಕೆಲಸದಲ್ಲಿದ್ದಿರಿ, ಸದಸ್ಯರಿಗೆ ತಿಳಿಯುವ ಹಕ್ಕಿದೆ ಎಂದರು. ನನಗೆ ಗೊತ್ತಾಯಿತು, ಸೀಮಂತದ ಮನೆಯ ಮಾತು ಅಲ್ಲಿಗೆ ತಲುಪಿದೆ.

ನನಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಸಾಹೇಬರ ಅತ್ತೆ ವಿಸಿಟ್ ವೀಸಾದಲ್ಲಿ ಬಂದು ಇಲ್ಲೇ ತೀರಿಕೊಂಡಾಗ, ಆಸ್ಪತ್ರೆಯಿಂದ ಕಚೇರಿಗೆ, ಕಚೇರಿಯಿಂದ ಆಸ್ಪತ್ರೆಗೆ ಕಾಗದ ಹಿಡಿದು ಓಡಿದವಳು ಇವಳೇ. ಹೊದಿಸಿದ ಬಿಳಿ ಬಟ್ಟೆ ನನ್ನ ಅಂಗಡಿಯದು. ಅದನ್ನು ತಗೊಂಡು ಹೋದವಳೂ ಇವಳೇ. ಅವಳ ಜಾಗದಲ್ಲಿ ನಾನಿದ್ದರೆ ಆ ಬಟ್ಟೆಯನ್ನು ಅಲ್ಲೇ ಸಭೆಯ ನಡುವೆ ಬಿಚ್ಚಿ ಹರಡುತ್ತಿದ್ದೆ. ಈಗ ಹರಡುತ್ತಾಳೆ ಎಂದು ಕಾದೆ. ಸಾಹೇಬರು ಅದನ್ನು ಮರೆತೇ ಕೇಳಿದರೋ, ಇವಳು ಹೇಳಲಾರಳೆಂದು ನಂಬಿ ಕೇಳಿದರೋ, ಅವರನ್ನೇ ಕೇಳಬೇಕು.

"ಸರ್, ನಾನು ಜಹ್ರಾದಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದೆ," ಅಂದಳು. "ಮಕ್ಕಳನ್ನು ನೋಡಿಕೊಳ್ಳೋದು, ಅಡಿಗೆ, ಬಟ್ಟೆ. ಬಾತ್‌ರೂಮೂ ತೊಳೆದದ್ದುಂಟು. ಹನ್ನೊಂದು ವರ್ಷ. ಇನ್ನೆಂತ ಕೇಳ್ಲಿಕ್ಕುಂಟು ಸರ್?"

ಅಷ್ಟೇ. ಅತ್ತೆಯ ಮಾತು ಬರಲಿಲ್ಲ. ಸಾಹೇಬರು ಮೈಕು ಹಿಡಿದುಕೊಂಡೇ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಚಪ್ಪಾಳೆ ತಟ್ಟಿದ, ಆಮೇಲೆ ಸಾಲಿಗೆ ಸಾಲೇ ತಟ್ಟಿತು. ನನ್ನ ಅಂಗೈ ಮಡಿಲಲ್ಲೇ ಇತ್ತು.

ವೋಟಿನ ದಿನ ಸಬ್ಹಾನಿನಿಂದ ಜನರನ್ನು ಕರೆತರಲು ಎರಡು ಬಸ್ಸು ಹಿಡಿಸಿದವಳು ನಾನು. ಒಬ್ಬೊಬ್ಬರಿಗೂ ಬಿರಿಯಾನಿ ಪೊಟ್ಟಣ, ಜೊತೆಗೆ ಲಬನ್, ಅಂದರೆ ಇಲ್ಲಿಯ ಮಜ್ಜಿಗೆ. ಬಸ್ಸಿನಿಂದ ಇಳಿದು ಎಲ್ಲರೂ ನನಗೆ ಕೈಮುಗಿದರು, ಪೊಟ್ಟಣ ತಗೊಂಡರು, ಸಾಲಲ್ಲಿ ನಿಂತರು. ಅವಳು ಬಸ್ಸು ಹಿಡಿಸಿರಲಿಲ್ಲ, ಬಿರಿಯಾನಿ ತರಿಸಿರಲಿಲ್ಲ. ಗೇಟಿನ ಹೊರಗೆ ನೆರಳಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳು, ತಾಯಿಗೆ ಈಗ ಹೇಗುಂಟು, ಮಗಳ ಪರೀಕ್ಷೆ ಏನಾಯ್ತು ಎಂದು. ನನ್ನ ಮಹಿಳಾ ವಿಭಾಗದವರು ರೇಷ್ಮೆ ಸೀರೆಯುಟ್ಟು ಬಂದು ಹಾಲಿನ ಹೊರಗೇ ಕುರ್ಚಿ ಹಾಕಿಕೊಂಡು ಕೂತರು. ಗಂಡಂದಿರು ಒಳಗೆ ಹೋದರು. ನನ್ನ ಯಜಮಾನರೂ ಹೋದರು. ಅಭ್ಯರ್ಥಿಯಾದ ನಾನು ಬಾಗಿಲಲ್ಲಿ ನಿಂತಿದ್ದೆ; ಪಟ್ಟಿ ಹಿಡಿದು ಕೂತ ಹುಡುಗ ಬಹಳ ವಿನಯದಿಂದ, ಆಂಟಿ, ಯುವರ್ ಫ್ಯಾಮಿಲಿ ಹ್ಯಾಸ್ ಆಲ್ರೆಡಿ ವೋಟೆಡ್ ಎಂದ. ಜಹ್ರಾದವಳು ನನ್ನ ಪಕ್ಕದಿಂದ ಒಳಗೆ ಹೋಗಿ, ತನ್ನ ಸ್ವಂತ ಇಕಾಮಾ ತೋರಿಸಿ, ತನ್ನ ಸ್ವಂತ ವೋಟು ಹಾಕಿ ಬಂದಳು. ಬ್ಯಾಚುಲರ್ ಅಲ್ಲವೇ.

ಎಣಿಕೆ ಮುಗಿದಾಗ ಅವಳು ಮೊದಲು, ಸಾಹೇಬರು ಎರಡನೆಯವರು, ನಾನು ಮೂರನೆಯವಳು. ಹಿಂದಿನ ಸಾಲುಗಳವರು ಅವಳ ಸುತ್ತ ನಿಂತಿದ್ದರು, ಎತ್ತಿಕೊಳ್ಳಲು ಧೈರ್ಯವಿಲ್ಲದೆ, ಬಿಟ್ಟು ಹೋಗಲು ಮನಸ್ಸಿಲ್ಲದೆ. ಮಹಿಳಾ ವಿಭಾಗದ ಪರವಾಗಿ ಮಾಲೆ ಹಾಕಬೇಕಾದವಳು ನಾನು. ಹಾಕಿದೆ. ಅದು ನನಗೆಂದೇ ತರಿಸಿದ್ದ ಮಾಲೆ, ನನ್ನ ಎತ್ತರಕ್ಕೆ ಕಟ್ಟಿಸಿದ್ದು. ಅವಳಿಗೆ ಮಂಡಿಯವರೆಗೆ ಬಂತು.

ಕಾರಿನಲ್ಲಿ ಗಂಡನನ್ನು ಯಾರಿಗೆ ಹಾಕಿದಿರಿ ಎಂದು ಕೇಳಿದೆ. ಸಿಗ್ನಲ್ ಕೆಂಪಿತ್ತು. ಅದು ಹಸಿರಾದ ಮೇಲೆ, ನಿನಗೇ, ಅಂದರು. ಆ ಕೆಂಪು ದೀಪ ಎಷ್ಟು ಹೊತ್ತು ಇತ್ತೆಂದು ನಾನು ಇನ್ನೂ ಯೋಚಿಸುತ್ತೇನೆ.

ಮರುದಿನ ಅಂಗಡಿಯಲ್ಲಿ ವಿಜಯಪುರದ ಕಡೆಯ ನನ್ನ ಹಳೆಯ ಟೈಲರು ಮಷಿನ್ನಿನಿಂದ ಎದ್ದು ಬಂದು ನಿಂತ. ಅವನು ಏನೂ ಹೇಳುವ ಅಗತ್ಯವಿರಲಿಲ್ಲ. ಹೇಳಿದ.

"ಅಕ್ಕಾರ, ನಿಮ್ಮ ಕೆಲಸದಾಗ ಇದ್ದು ಸುಳ್ಳ ಹೇಳಂಗಿಲ್ರಿ. ನಮ್ಮ ಅಣ್ಣ ಸತ್ತಾಗ ಅವನ ಹೆಣ ಊರಿಗೆ ಕಳಸಾಕ ಆಕಿ ಮೂರು ದಿನ ಅಡ್ಡಾಡಿದ್ಲು. ನೀವು ನನಗ ಮೂರು ದಿನ ರಜಾ ಕೊಟ್ರಿ. ಅದನ್ನೂ ಮರತಿಲ್ರಿ. ಆದ್ರ ವೋಟ್ ಒಂದ ಇತ್ತು."

ಹೋಗಿ ಕೆಲಸ ನೋಡು ಅಂದೆ. ಅವನು ಹೋದ. ನಾನು ಯಾವತ್ತೂ ಅವನ ಊರಿನ ಹೆಸರು ಕೇಳಿರಲಿಲ್ಲ. ಅವಳು ಫಾರಂನಲ್ಲಿ ಬರೆದಿದ್ದಳು.

ಮೂರು ತಿಂಗಳ ನಂತರ ಅವಳು ಅಧ್ಯಕ್ಷೆಯಾಗಿ ಮೊದಲ ವಿಶೇಷ ಸಭೆ ಕರೆದಳು. ವಿಷಯ ಒಂದೇ: ಫ್ಯಾಮಿಲಿ ವೋಟು ತೆಗೆದು, ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಅವರವರ ವೋಟು. ಸಭೆಗೆ ಎರಡು ದಿನ ಮೊದಲು ನನಗೆ ಫೋನ್ ಮಾಡಿದಳು. ನಿರ್ಣಯ ತಾನೇ ಮಂಡಿಸುತ್ತೇನೆ, ಆದರೆ ಫ್ಯಾಮಿಲಿ ಕಡೆಯಿಂದ ಒಬ್ಬ ಹೆಂಗಸು ಅನುಮೋದಿಸಬೇಕು, ನೀವು ಎದ್ದರೆ ಉಳಿದವರೂ ಏಳುತ್ತಾರೆ ಅಂದಳು. ನಾನು ಅಭ್ಯಾಸ ಬಿಡಲಿಲ್ಲ, ನನಗೇನು ಕೊಡುತ್ತೀಯ ಅಂದೆ.

"ಕೊಡ್ಲಿಕ್ಕೆ ನನ್ನ ಹತ್ರ ಎಂತದೂ ಇಲ್ಲ ಅಕ್ಕಾ."

"ನಾನು ಮುಂದಿನ ಸಲ ನಿನ್ನ ಎದುರಿಗೇ ನಿಲ್ತೀನಿ."

"ನಿಲ್ಲಿ. ಆಗ ನಿಮ್ಮದೇ ಒಂದು ವೋಟಾದ್ರೂ ನಿಮಗೆ ಬೀಳ್ತದೆ."

ತಮ್ಮ ಹಣ ಹಾಕಿ ಅಂಗಡಿ ತೆರೆಯುವ ಹೆಣ್ಣುಮಕ್ಕಳಿಗೆ ಈಗ ನಾನು ಮೊದಲು ಹೇಳುವುದು ಇದು: ಕಾಗದದಲ್ಲಿ ನಿಮ್ಮ ಹೆಸರು ಯಾವ ಗೆರೆಯಲ್ಲಿದೆ ನೋಡಿಕೊಳ್ಳಿ, ಬೆಲೆಯ ಮಾತು ಆಮೇಲೆ. ಇದನ್ನು ನಾನೇ ಕಂಡುಕೊಂಡಂತೆ ಹೇಳುತ್ತೇನೆ. ಅವತ್ತು ಫಾರಂ ತುಂಬಿ ಅವಳು ಕೇಳಿದ್ದ ಪ್ರಶ್ನೆಯಿಂದ ಕಲಿತದ್ದೆಂದು ಹೇಳುವುದಿಲ್ಲ.

ಸಭೆಯಲ್ಲಿ ಅವಳು ನಿರ್ಣಯ ಓದಿದಳು, ಅದೇ ಕರಾವಳಿಯ ಪುಸ್ತಕದ ಕನ್ನಡದಲ್ಲಿ, ಎಲ್ಲೂ ತಡವರಿಸದೆ. ಅನುಮೋದಿಸುವವರು ಎಂದು ಕೇಳಿದಾಗ ಎಲ್ಲರೂ ಕೂತೇ ಇದ್ದರು. ಸಾಹೇಬರು ಛಾವಣಿಯ ಫ್ಯಾನು ನೋಡುತ್ತಿದ್ದರು. ನನ್ನ ಹೆಂಗಸರು ನನ್ನನ್ನು ನೋಡುತ್ತಿದ್ದರು. ನಾನು ಎದ್ದೆ. ಅವಳ ಮೇಲಿನ ಪ್ರೀತಿಯಿಂದ ಎದ್ದೆ ಎಂದು ಯಾರೂ ತಿಳಿಯಬಾರದು; ಆ ವೋಟು ನನಗೆ ಬೇಕಿತ್ತು. ನಾನು ಎದ್ದ ಮೇಲೆ ಒಂದೊಂದೇ ಸೀರೆಯ ಸಪ್ಪಳ ಕೇಳಿಸಿತು, ಕೈಗಳು ಮೇಲೆ ಹೋದವು, ಗಂಡಂದಿರು ಅತ್ತಿತ್ತ ನೋಡಿ, ಲೆಕ್ಕಕ್ಕೆ ಬರುವ ತಮ್ಮ ಕೈಗಳನ್ನೂ ಎತ್ತಿದರು. ಪಾಸಾಯಿತು.

ನಡಾವಳಿ ಪುಸ್ತಕಕ್ಕೆ ಸಹಿ ಹಾಕಲು ವೇದಿಕೆಗೆ ಕರೆದರು. ಮಂಡಿಸಿದವರು ಎಂಬಲ್ಲಿ ಅವಳ ದುಂಡು ಅಕ್ಷರದ ಸಹಿ, ಕೆಳಗೆ ಅಧ್ಯಕ್ಷೆ ಎಂದು. ಅದರ ಕೆಳಗೆ ಅನುಮೋದಿಸಿದವರು. ಜಾಗ ಚಿಕ್ಕದಿತ್ತು. ಅವಳು ಪೆನ್ನು ಕೊಟ್ಟು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಹಿಡಿದಳು. ನಾನು ಅಂಗಡಿಯ ಬಿಲ್ಲಿಗೆ ಹಾಕುವ ಹಾಗೆ, ಊರಗಲಕ್ಕೆ ಸಹಿ ಹಾಕಿದೆ. ಅದರ ಬಾಲ ಮೇಲಕ್ಕೆ ಹೋಗಿ ಅವಳ ಹೆಸರಿನ ನಡುವೆ ಹಾಯಿತು. ಅವಳು ನೋಡಿದಳು, ಪೆನ್ನು ವಾಪಸು ತಗೊಂಡು ಮುಚ್ಚಿದಳು. ನಾನೂ ಸರಿಪಡಿಸಲಿಲ್ಲ.